ಹೋಮಿನಿನ್ ಪಳೆಯುಳಿಕೆಗಳು ಮತ್ತು ಮಾನವ ವಿಕಾಸದ ಅಧ್ಯಯನ

ಹೋಮಿನಿನ್ ಪಳೆಯುಳಿಕೆಗಳು ಎಂದರೆ ಮಾನವನ ಮತ್ತು ಚಿಂಪಾಂಜಿಯ ವಂಶಗಳು ಪರಸ್ಪರ ಬೇರ್ಪಟ್ಟ ಬಳಿಕ, ಮಾನವನ ಕಡೆಯ ಶಾಖೆಯಲ್ಲಿ ಬಾಳಿ ಅಳಿದ ಜೀವಿಗಳ ಮೂಳೆ, ಹಲ್ಲು ಮತ್ತು ಹೆಜ್ಜೆಗುರುತುಗಳ ಅವಶೇಷಗಳು. ಇವುಗಳನ್ನು ಅಧ್ಯಯನ ಮಾಡುವ ಶಾಸ್ತ್ರಕ್ಕೆ ಪ್ರಾಚೀನ ಮಾನವಶಾಸ್ತ್ರ ಎಂದು ಹೆಸರು. ಸುಮಾರು 70 ಲಕ್ಷ ವರ್ಷಗಳಷ್ಟು ದೀರ್ಘವಾದ ಅವಧಿಗೆ ಸೇರಿದ ಈ ಅವಶೇಷಗಳಲ್ಲಿ ಬಹುಪಾಲು ಒಡೆದ ಚೂರುಗಳು. ಪೂರ್ಣ ಅಸ್ಥಿಪಂಜರಗಳು ಅತಿ ವಿರಳ. ಆದರೂ ಶರೀರರಚನೆ, ಭೂವಿಜ್ಞಾನ, ಭೌತಿಕ ಕಾಲನಿರ್ಣಯ ಮತ್ತು ತಳಿವಿಜ್ಞಾನಗಳ ಸಾಕ್ಷ್ಯಗಳನ್ನು ಒಂದಕ್ಕೊಂದು ತಾಳೆ ನೋಡಿ ಮೂರು ಸಂಗತಿಗಳನ್ನು ದೃಢವಾಗಿ ಸ್ಥಾಪಿಸಲಾಗಿದೆ: ಮಾನವ ವಂಶದ ಆರಂಭಿಕ ವಿಕಾಸ ಆಫ್ರಿಕಾದಲ್ಲಿ ನಡೆಯಿತು, ಎರಡು ಕಾಲಿನ ನಡಿಗೆಯು ದೊಡ್ಡ ಮಿದುಳಿಗಿಂತ ಲಕ್ಷಾಂತರ ವರ್ಷ ಮೊದಲೇ ಬಂದಿತು, ಒಂದೇ ಕಾಲದಲ್ಲಿ ಒಂದಕ್ಕಿಂತ ಹೆಚ್ಚು ಹೋಮಿನಿನ್ ಪ್ರಭೇದಗಳು ಬದುಕಿದ್ದವು. ಇವುಗಳಾಚೆಗಿನ ಅನೇಕ ವಿವರಗಳು ಹೊಸ ಶೋಧಗಳೊಂದಿಗೆ ಬದಲಾಗುತ್ತ ಬಂದಿವೆ.

ಪರಿಭಾಷೆ

ಮಾನವ, ಚಿಂಪಾಂಜಿ, ಬೊನೊಬೊ, ಗೊರಿಲ್ಲಾ ಮತ್ತು ಒರಾಂಗುಟಾನ್‌ಗಳನ್ನು ಅವುಗಳ ಅಳಿದುಹೋದ ಸಂಬಂಧಿಗಳೊಡನೆ ಸೇರಿಸಿ ಹೋಮಿನಿಡ್‌ಗಳು ಎಂದು ಕರೆಯಲಾಗುತ್ತದೆ. ಇವುಗಳಲ್ಲಿ ಮಾನವನ ಶಾಖೆಗೆ ಮಾತ್ರ ಹೋಮಿನಿನ್ ಎಂಬ ಹೆಸರು ಸಲ್ಲುತ್ತದೆ. ಹಳೆಯ ಪುಸ್ತಕಗಳಲ್ಲಿ ಇಂದಿನ ಹೋಮಿನಿನ್ ಎಂಬ ಅರ್ಥದಲ್ಲಿಯೇ ಹೋಮಿನಿಡ್ ಪದವನ್ನು ಬಳಸಿರುವುದರಿಂದ ಈ ವ್ಯತ್ಯಾಸವನ್ನು ಗಮನಿಸುವುದು ಅಗತ್ಯ.

ಮಾನವನು ಚಿಂಪಾಂಜಿಯಿಂದ ಹುಟ್ಟಿಬಂದನೆಂಬ ಹೇಳಿಕೆ ಸರಿಯಲ್ಲ. ಇವೆರಡಕ್ಕೂ ಒಬ್ಬ ಸಾಮಾನ್ಯ ಪೂರ್ವಜನಿದ್ದು, ಆ ಪೂರ್ವಜನಿಂದ ಎರಡೂ ಶಾಖೆಗಳು ಪ್ರತ್ಯೇಕವಾಗಿ ವಿಕಾಸ ಹೊಂದಿವೆ. ಆದುದರಿಂದ ಇಂದಿನ ಚಿಂಪಾಂಜಿಯು ಮಾನವನ ಪೂರ್ವಜನಲ್ಲ, ದಾಯಾದಿ.

ಪಳೆಯುಳಿಕೆಗಳು ಉಳಿಯುವ ಬಗೆ

ಸತ್ತ ಪ್ರಾಣಿಯ ದೇಹವು ಸಾಮಾನ್ಯವಾಗಿ ಇತರ ಪ್ರಾಣಿಗಳಿಗೆ ಆಹಾರವಾಗಿ, ಬಿಸಿಲು ಮಳೆಗಳಿಗೆ ಸಿಕ್ಕಿ ಕೆಲವೇ ವರ್ಷಗಳಲ್ಲಿ ಇಲ್ಲವಾಗುತ್ತದೆ. ಹೂಳು, ಮರಳು ಅಥವಾ ಜ್ವಾಲಾಮುಖಿಯ ಬೂದಿಯಲ್ಲಿ ಬೇಗನೆ ಹೂತುಹೋದ ಮೂಳೆಗಳು ಮಾತ್ರ ಉಳಿಯುವ ಸಾಧ್ಯತೆ ಇದೆ. ನೆಲದ ನೀರಿನಲ್ಲಿರುವ ಖನಿಜಗಳು ಕ್ರಮೇಣ ಮೂಳೆಯನ್ನು ಸೇರಿ ಅದನ್ನು ಕಲ್ಲಿನಂತೆ ಗಟ್ಟಿಯಾಗಿಸುತ್ತವೆ. ಹಲ್ಲಿನ ಎನಾಮಲ್ ದೇಹದ ಅತ್ಯಂತ ಗಡಸಾದ ವಸ್ತುವಾದ್ದರಿಂದ ದೊರೆತಿರುವ ಪಳೆಯುಳಿಕೆಗಳಲ್ಲಿ ಹಲ್ಲುಗಳ ಪ್ರಮಾಣ ಹೆಚ್ಚು.

ಹೋಮಿನಿನ್ ಪಳೆಯುಳಿಕೆಗಳ ಪ್ರಮುಖ ನೆಲೆಗಳು ಎರಡು ಬಗೆಯವು. ಇಥಿಯೋಪಿಯ, ಕೀನ್ಯಾ ಮತ್ತು ಟಾಂಜಾನಿಯಗಳ ಮೂಲಕ ಹಾದುಹೋಗುವ ಪೂರ್ವ ಆಫ್ರಿಕಾದ ಬಿರುಕು ಕಣಿವೆಯಲ್ಲಿ ಕೆರೆ ಹೊಳೆಗಳ ಹೂಳು ಮತ್ತು ಜ್ವಾಲಾಮುಖಿ ಬೂದಿಯ ಪದರಗಳು ಒಂದರ ಮೇಲೊಂದು ಕೂತಿವೆ. ಬಳಿಕ ಭೂಚಲನೆ ಮತ್ತು ಸವೆತಗಳಿಂದಾಗಿ ಆ ಪದರಗಳು ಮತ್ತೆ ಹೊರಬಿದ್ದಿವೆ. ದಕ್ಷಿಣ ಆಫ್ರಿಕಾದಲ್ಲಿ ಸುಣ್ಣಕಲ್ಲಿನ ಗುಹೆಗಳೊಳಗೆ ಬಿದ್ದ ಅಥವಾ ಪ್ರಾಣಿಗಳು ಎಳೆದುತಂದ ಮೂಳೆಗಳು ಮಣ್ಣು ಕಲ್ಲುಗಳೊಡನೆ ಬೆಸೆದು ಉಳಿದಿವೆ. ಇವೆರಡೂ ಸೇರಿದರೂ ಆಫ್ರಿಕಾ ಖಂಡದ ಒಂದು ಸಣ್ಣ ಭಾಗ ಮಾತ್ರ. ಮಳೆಕಾಡುಗಳ ಆಮ್ಲೀಯ ಮಣ್ಣಿನಲ್ಲಿ ಮೂಳೆಗಳು ಕರಗಿಹೋಗುತ್ತವೆ. ಚಿಂಪಾಂಜಿಯ ಪಳೆಯುಳಿಕೆಗಳು ಬಹಳ ಕಾಲ ದೊರೆಯದಿದ್ದುದಕ್ಕೆ ಇದು ಒಂದು ಕಾರಣ. ಕೀನ್ಯಾದಲ್ಲಿ ದೊರೆತ ಕೆಲವು ಹಲ್ಲುಗಳನ್ನು ಆಧರಿಸಿ ಚಿಂಪಾಂಜಿಯ ಮೊದಲ ಪಳೆಯುಳಿಕೆಯ ವರದಿ ಪ್ರಕಟವಾದುದು 2005ರಲ್ಲಿ.

ಸಂಶೋಧನೆಯ ಇತಿಹಾಸ

1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ಸುಣ್ಣಕಲ್ಲಿನ ಗಣಿಯ ಕೆಲಸಗಾರರಿಗೆ ದಪ್ಪ ಹುಬ್ಬುಗಟ್ಟಿನ ಕಪಾಲದ ಭಾಗ ಮತ್ತು ಕೆಲವು ಮೂಳೆಗಳು ದೊರೆತವು. ರೋಗಪೀಡಿತ ಆಧುನಿಕ ಮನುಷ್ಯನ ಮೂಳೆಗಳಿವು ಎಂಬ ವಾದವೂ ಆಗ ಇತ್ತು. 1864ರಲ್ಲಿ ವಿಲಿಯಂ ಕಿಂಗ್ ಇವುಗಳಿಗೆ ಹೋಮೊ ನಿಯಾಂಡರ್ತಾಲೆನ್ಸಿಸ್ ಎಂಬ ಹೆಸರನ್ನಿತ್ತನು. 1871ರಲ್ಲಿ ಚಾರ್ಲ್ಸ್ ಡಾರ್ವಿನ್, ಗೊರಿಲ್ಲಾ ಮತ್ತು ಚಿಂಪಾಂಜಿಗಳು ಆಫ್ರಿಕಾದಲ್ಲಿ ವಾಸಿಸುವುದರಿಂದ ಮಾನವನ ಆದಿಪೂರ್ವಜರೂ ಅಲ್ಲಿಯೇ ಬಾಳಿರುವ ಸಂಭವ ಹೆಚ್ಚು ಎಂದು ಊಹಿಸಿದನು. ಆಗ ಆಫ್ರಿಕಾದಿಂದ ಹೋಮಿನಿನ್ನಿನ ಒಂದು ಪಳೆಯುಳಿಕೆಯೂ ತಿಳಿದಿರಲಿಲ್ಲ.

ಡಚ್ ವೈದ್ಯ ಯುಜೀನ್ ದ್ಯುಬ್ವಾ ಜಾವಾ ದ್ವೀಪದ ಟ್ರಿನಿಲ್ ಎಂಬಲ್ಲಿ 1891ರಲ್ಲಿ ಒಂದು ಕಪಾಲವನ್ನೂ ಮರುವರ್ಷ ಒಂದು ತೊಡೆಮೂಳೆಯನ್ನೂ ಪಡೆದನು. ಇದೀಗ ಹೋಮೊ ಎರೆಕ್ಟಸ್ ಎಂದು ಕರೆಯಲಾಗುವ ಪ್ರಭೇದ ಇದಾಗಿದೆ. ಚೀನಾದ ಬೀಜಿಂಗ್ ಸಮೀಪದ ಜೌಕೌಡಿಯನ್ ಗುಹೆಗಳಲ್ಲಿ 1920 ಮತ್ತು 1930ರ ದಶಕಗಳಲ್ಲಿ ಇದೇ ಪ್ರಭೇದದ ಅನೇಕ ಅವಶೇಷಗಳು ದೊರೆತವು. ಯುದ್ಧಕಾಲದಲ್ಲಿ ಸುರಕ್ಷಿತ ಸ್ಥಳಕ್ಕೆ ಸಾಗಿಸುವ ಯತ್ನದಲ್ಲಿ 1941ರಲ್ಲಿ ಈ ಮೂಳೆಗಳು ಕಾಣೆಯಾದವು. ಅಷ್ಟರೊಳಗೆ ಸಿದ್ಧಪಡಿಸಿದ್ದ ಅಚ್ಚುಗಳು ಮತ್ತು ಫ್ರಾಂಜ್ ವೈಡನ್‌ರೈಕ್ ಬರೆದಿಟ್ಟ ವಿವರಗಳು ಮಾತ್ರ ಇಂದಿನ ಸಂಶೋಧಕರಿಗೆ ಆಧಾರ.

1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ದೊಡ್ಡ ಮಿದುಳಿನ ಕಪಾಲವೂ ವಾನರನಂತಹ ದವಡೆಯೂ ದೊರೆತವೆಂದು ಪ್ರಕಟಿಸಲಾಯಿತು. ಮಿದುಳು ಮೊದಲು ದೊಡ್ಡದಾಯಿತೆಂಬ ಅಂದಿನ ನಂಬಿಕೆಗೆ ಇದು ಹೊಂದಿಕೊಂಡಿತ್ತು. 1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್‌ನ ಸುಣ್ಣಕಲ್ಲಿನ ಗಣಿಯಿಂದ ಬಂದ ಒಂದು ಮಗುವಿನ ತಲೆಬುರುಡೆಯನ್ನು ರೇಮಂಡ್ ಡಾರ್ಟ್ ಪರೀಕ್ಷಿಸಿ, ಮರುವರ್ಷ ಆಸ್ಟ್ರಲೊಪಿಥೆಕಸ್ ಆಫ್ರಿಕಾನಸ್ ಎಂದು ಹೆಸರಿಸಿದನು. ಇದರ ಮಿದುಳು ಚಿಕ್ಕದು, ಆದರೆ ಬುರುಡೆಯ ರಚನೆಯು ನೆಟ್ಟಗೆ ನಿಂತು ನಡೆಯುವ ಪ್ರಾಣಿಯದು. ಪಿಲ್ಟ್‌ಡೌನ್‌ಗೆ ತದ್ವಿರುದ್ಧವಾದ ಈ ಚಿತ್ರವನ್ನು ವಿದ್ವಾಂಸರಲ್ಲಿ ಹೆಚ್ಚಿನವರು ಸುಮಾರು ಎರಡು ದಶಕಗಳ ಕಾಲ ಒಪ್ಪಲಿಲ್ಲ. ರಾಬರ್ಟ್ ಬ್ರೂಮ್ ದಕ್ಷಿಣ ಆಫ್ರಿಕಾದ ಗುಹೆಗಳಲ್ಲಿ ವಯಸ್ಕ ಆಸ್ಟ್ರಲೊಪಿಥೆಕಸ್‌ಗಳ ಅವಶೇಷಗಳನ್ನು ಪತ್ತೆಹಚ್ಚಿದ ಮೇಲೆ ಡಾರ್ಟ್‌ನ ನಿಲುವಿಗೆ ಬೆಂಬಲ ದೊರೆಯಿತು. 1953ರಲ್ಲಿ ರಾಸಾಯನಿಕ ಪರೀಕ್ಷೆಗಳಿಂದ ಪಿಲ್ಟ್‌ಡೌನ್ ಒಂದು ವಂಚನೆಯೆಂದು ಸಾಬೀತಾಯಿತು. ಅಲ್ಲಿದ್ದುದು ಆಧುನಿಕ ಮಾನವನ ಕಪಾಲ ಮತ್ತು ಹಲ್ಲುಗಳನ್ನು ಅರದಿಂದ ಉಜ್ಜಿ ಬಣ್ಣ ಹಚ್ಚಿದ ಒರಾಂಗುಟಾನಿನ ದವಡೆ.

1959ರಲ್ಲಿ ಮೇರಿ ಲೀಕಿ ಟಾಂಜಾನಿಯದ ಓಲ್ಡುವಾಯ್ ಕಮರಿಯಲ್ಲಿ ದೊಡ್ಡ ದವಡೆಹಲ್ಲುಗಳುಳ್ಳ ತಲೆಬುರುಡೆಯನ್ನು ಕಂಡುಹಿಡಿದಳು. ಅಂದಿನಿಂದ ಸಂಶೋಧನೆಯ ಕೇಂದ್ರ ಪೂರ್ವ ಆಫ್ರಿಕಾಕ್ಕೆ ಸರಿಯಿತು. 1974ರ ನವೆಂಬರ್‌ನಲ್ಲಿ ಇಥಿಯೋಪಿಯದ ಹಡಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್ ತಂಡಕ್ಕೆ ದೊರೆತ, ಲೂಸಿ ಎಂದು ಪ್ರಸಿದ್ಧವಾದ ಅಸ್ಥಿಪಂಜರವು ಸುಮಾರು 32 ಲಕ್ಷ ವರ್ಷ ಹಳೆಯದು. ಇದರ ಶೇಕಡಾ 40ರಷ್ಟು ಮೂಳೆಗಳು ಉಳಿದಿದ್ದವು. 1984ರಲ್ಲಿ ಕೀನ್ಯಾದ ಕಮೋಯಾ ಕಿಮೆಯು ತುರ್ಕಾನಾ ಸರೋವರದ ಪಶ್ಚಿಮಕ್ಕೆ ಹೋಮೊ ಎರೆಕ್ಟಸ್ ಬಾಲಕನೊಬ್ಬನ ಬಹುತೇಕ ಪೂರ್ಣವಾದ ಅಸ್ಥಿಪಂಜರವನ್ನು ಪತ್ತೆಮಾಡಿದನು.

ಕಾಲನಿರ್ಣಯ

ಪಳೆಯುಳಿಕೆಯ ವಯಸ್ಸು ತಿಳಿಯದೆ ಅದಕ್ಕೆ ವಂಶಾವಳಿಯಲ್ಲಿ ಸ್ಥಾನ ನೀಡುವುದು ಕಷ್ಟ. ರೇಡಿಯೊ ಕಾರ್ಬನ್ ವಿಧಾನವು ಸುಮಾರು 50,000 ವರ್ಷಗಳವರೆಗೆ ಮಾತ್ರ ಉಪಯುಕ್ತ. ಅದಕ್ಕಿಂತ ಹಳೆಯ ಅವಶೇಷಗಳಿಗೆ ಸಾಮಾನ್ಯವಾಗಿ ಮೂಳೆಯನ್ನಲ್ಲ, ಅದರ ಮೇಲೆ ಕೆಳಗೆ ಇರುವ ಪದರಗಳನ್ನು ಕಾಲನಿರ್ಣಯಕ್ಕೆ ಒಳಪಡಿಸಲಾಗುತ್ತದೆ. ಜ್ವಾಲಾಮುಖಿ ಬೂದಿಯ ಹರಳುಗಳಲ್ಲಿರುವ ವಿಕಿರಣಶೀಲ ಪೊಟ್ಯಾಸಿಯಂ ನಿಶ್ಚಿತ ವೇಗದಲ್ಲಿ ಆರ್ಗಾನ್ ಅನಿಲವಾಗಿ ಪರಿವರ್ತನೆ ಹೊಂದುತ್ತದೆ. ಸಂಗ್ರಹಗೊಂಡ ಆರ್ಗಾನಿನ ಪ್ರಮಾಣದಿಂದ ಬೂದಿ ಬಿದ್ದ ಕಾಲವನ್ನು ಲೆಕ್ಕಹಾಕಬಹುದು. 1961ರಲ್ಲಿ ಈ ವಿಧಾನದಿಂದ ಓಲ್ಡುವಾಯ್ ತಲೆಬುರುಡೆಯ ಪದರಕ್ಕೆ 17.5 ಲಕ್ಷ ವರ್ಷ ವಯಸ್ಸೆಂದು ತಿಳಿದುಬಂದಿತು. ಅದಕ್ಕೆ ಮುನ್ನ ಲೂಯಿ ಲೀಕಿ ಅಂದಾಜಿಸಿದ್ದುದು ಆರು ಲಕ್ಷ ವರ್ಷ ಮಾತ್ರ.

ಬೂದಿಯ ಪದರಗಳಿಲ್ಲದ ನೆಲೆಗಳಲ್ಲಿ ಯುರೇನಿಯಂ ಸರಣಿ ವಿಧಾನ, ಎನಾಮಲ್‌ನ ಎಲೆಕ್ಟ್ರಾನ್ ಸ್ಪಿನ್ ಅನುರಣನ, ಭೂಕಾಂತ ದಿಕ್ಕಿನ ಪಲ್ಲಟಗಳ ದಾಖಲೆ ಹಾಗೂ ಜೊತೆಯಲ್ಲಿ ದೊರೆತ ಪ್ರಾಣಿಗಳ ಹೋಲಿಕೆಯನ್ನು ಬಳಸಲಾಗುತ್ತದೆ.

ಒಂದು ವಿಧಾನದ ಫಲಿತಾಂಶವನ್ನು ಮತ್ತೊಂದರಿಂದ ಪರಿಶೀಲಿಸುವುದು ಏಕೆ ಅಗತ್ಯವೆಂಬುದಕ್ಕೆ ಕೀನ್ಯಾದ ಕೂಬಿ ಫೋರಾ ಪ್ರಕರಣ ಉತ್ತಮ ನಿದರ್ಶನ. 1972ರಲ್ಲಿ ರಿಚರ್ಡ್ ಲೀಕಿ ತಂಡಕ್ಕೆ ಅಲ್ಲಿ ದೊರೆತ, 1470 ಎಂಬ ಸಂಖ್ಯೆಯಿಂದ ಪ್ರಸಿದ್ಧವಾದ ತಲೆಬುರುಡೆಯು ಒಂದು ಬೂದಿ ಪದರದ ಕೆಳಗಿತ್ತು. ಆ ಪದರಕ್ಕೆ ಮೊದಲು 26 ಲಕ್ಷ ವರ್ಷ ಎಂದು ನಿಗದಿಯಾದ್ದರಿಂದ ಬುರುಡೆ ಇನ್ನೂ ಹಳೆಯದೆಂದು ನಂಬಲಾಯಿತು. ಆದರೆ ಆ ಪದರಗಳಲ್ಲಿದ್ದ ಹಂದಿಗಳ ಪಳೆಯುಳಿಕೆಗಳು ಇಥಿಯೋಪಿಯದ ಓಮೊ ಕಣಿವೆಯ ಸುಮಾರು 20 ಲಕ್ಷ ವರ್ಷ ಹಳೆಯ ಹಂದಿಗಳನ್ನು ಹೋಲುತ್ತಿದ್ದವು. ವರ್ಷಗಳ ವಿವಾದದ ನಂತರ ಮರುಪರೀಕ್ಷೆಯಿಂದ ಪದರದ ವಯಸ್ಸು ಸುಮಾರು 19 ಲಕ್ಷ ವರ್ಷವೆಂದು ನಿರ್ಧಾರವಾಯಿತು. ಹಂದಿಯ ಹಲ್ಲುಗಳ ಸುಳಿವು ಸರಿಯಾಗಿತ್ತು.

ಅವಶೇಷಗಳಿಂದ ತಿಳಿಯುವ ಸಂಗತಿಗಳು

ನಡಿಗೆ: ಬೆನ್ನುಹುರಿಯು ತಲೆಬುರುಡೆಯನ್ನು ಸೇರುವ ರಂಧ್ರವು ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಹಿಂಬದಿಗೂ ಮಾನವನಲ್ಲಿ ತಳದ ಮಧ್ಯಕ್ಕೂ ಇರುತ್ತದೆ. ಅಗಲವಾದ ಗಿಡ್ಡ ಸೊಂಟದ ಮೂಳೆ, ಮೊಣಕಾಲಿನ ಕಡೆಗೆ ಒಳವಾಲಿದ ತೊಡೆಮೂಳೆ, ಇತರ ಬೆರಳುಗಳ ಸಾಲಿನಲ್ಲಿರುವ ಕಾಲಿನ ಹೆಬ್ಬೆರಳು ಇವೂ ಎರಡು ಕಾಲಿನ ನಡಿಗೆಯ ಗುರುತುಗಳು. ಟಾಂಜಾನಿಯದ ಲೇಟೊಲಿಯಲ್ಲಿ ಸುಮಾರು 36 ಲಕ್ಷ ವರ್ಷಗಳ ಹಿಂದೆ ಒದ್ದೆಯಾದ ಬೂದಿಯ ಮೇಲೆ ಮೂಡಿ ಗಟ್ಟಿಯಾದ ಹೆಜ್ಜೆಗಳ ಸಾಲು 1978ರಲ್ಲಿ ಬೆಳಕಿಗೆ ಬಂದು ಮೂಳೆಗಳ ಸಾಕ್ಷ್ಯವನ್ನು ಬಲಪಡಿಸಿತು.

ಮಿದುಳು: ಕಪಾಲದ ಒಳಗಾತ್ರದಿಂದ ಮಿದುಳಿನ ಗಾತ್ರವನ್ನು ಅಂದಾಜಿಸಲಾಗುತ್ತದೆ. ಲೂಸಿಯ ಪ್ರಭೇದದಲ್ಲಿ ಇದು ಸುಮಾರು 400ರಿಂದ 550 ಘನ ಸೆಂಟಿಮೀಟರ್, ಅಂದರೆ ಚಿಂಪಾಂಜಿಗಿಂತ ಸ್ವಲ್ಪವೇ ಹೆಚ್ಚು. ಆಧುನಿಕ ಮಾನವನ ಸರಾಸರಿ ಸುಮಾರು 1,350. ನಿಯಾಂಡರ್ತಾಲರ ಮಿದುಳು ಇದಕ್ಕೆ ಸಮನಾಗಿ, ಕೆಲವೊಮ್ಮೆ ಹೆಚ್ಚಾಗಿಯೂ ಇತ್ತು.

ಬೆಳವಣಿಗೆ: ಎನಾಮಲ್ ದಿನದಿನಕ್ಕೆ ಸೂಕ್ಷ್ಮ ಗೆರೆಗಳಾಗಿ ಬೆಳೆಯುವುದರಿಂದ ಅವುಗಳನ್ನು ಎಣಿಸಿ ಮಗುವಿನ ವಯಸ್ಸನ್ನು ತಿಳಿಯಬಹುದು. ಟೌಂಗ್ ಮಗುವಿಗೆ ಆಧುನಿಕ ಮಕ್ಕಳ ಲೆಕ್ಕದಲ್ಲಿ ಸುಮಾರು ಆರು ವರ್ಷವೆಂದು ಭಾವಿಸಲಾಗಿತ್ತು. ಎನಾಮಲ್ ಅಧ್ಯಯನದ ನಂತರ ಅದು ಮೂರರಿಂದ ನಾಲ್ಕು ವರ್ಷಕ್ಕೆ ಇಳಿಯಿತು. ಹಾಗಾಗಿ ಮಾನವ ಶಿಶುವಿನ ದೀರ್ಘ ಬಾಲ್ಯವು ಆಸ್ಟ್ರಲೊಪಿಥೆಕಸ್‌ಗಳಲ್ಲಿ ಇನ್ನೂ ಪೂರ್ಣವಾಗಿ ರೂಪುಗೊಂಡಿರಲಿಲ್ಲ ಎಂದು ತಿಳಿಯಲಾಗಿದೆ.

ಆಹಾರ: ಎನಾಮಲ್‌ನಲ್ಲಿರುವ ಕಾರ್ಬನ್ ಐಸೋಟೋಪುಗಳ ಅನುಪಾತವು ಪ್ರಾಣಿಯು ಮರಗಿಡಗಳ ಫಲ ಎಲೆಗಳನ್ನು ತಿನ್ನುತ್ತಿತ್ತೇ, ಉಷ್ಣವಲಯದ ಹುಲ್ಲುಗಳನ್ನೇ ಎಂಬುದನ್ನು ತಿಳಿಸುತ್ತದೆ. ಓಲ್ಡುವಾಯ್‌ನ ದೊಡ್ಡ ಹಲ್ಲಿನ ಪ್ರಭೇದವು ಗಟ್ಟಿ ಕಾಯಿಗಳನ್ನು ಒಡೆದು ತಿನ್ನುತ್ತಿತ್ತೆಂದು ಬಹುಕಾಲ ಭಾವಿಸಲಾಗಿತ್ತು. ಆದರೆ ಅದರ ಆಹಾರದಲ್ಲಿ ಹುಲ್ಲು ಅಥವಾ ಜೇಕಿನಂತಹ ಸಸ್ಯಗಳೇ ಪ್ರಧಾನವಾಗಿದ್ದವೆಂದು ಐಸೋಟೋಪು ಪರೀಕ್ಷೆ ತೋರಿಸಿತು.

ಪ್ರಮುಖ ಗುಂಪುಗಳು

ಆದಿ ಹೋಮಿನಿನ್‌ಗಳು: ಚಾಡ್ ದೇಶದಲ್ಲಿ 2001ರಲ್ಲಿ ದೊರೆತ ಸಹೆಲಾಂತ್ರೊಪಸ್ (ಸುಮಾರು 60–70 ಲಕ್ಷ ವರ್ಷ), ಕೀನ್ಯಾದ ಒರೊರಿನ್ (ಸುಮಾರು 60 ಲಕ್ಷ ವರ್ಷ) ಮತ್ತು ಇಥಿಯೋಪಿಯದ ಆರ್ಡಿಪಿಥೆಕಸ್ ಈ ಗುಂಪಿನವು. 44 ಲಕ್ಷ ವರ್ಷ ಹಳೆಯ ಆರ್ಡಿಪಿಥೆಕಸ್ ರಾಮಿಡಸ್ ನೆಲದಲ್ಲಿ ನೆಟ್ಟಗೆ ನಡೆಯಬಲ್ಲದಾಗಿದ್ದರೂ ಅದರ ಕಾಲಿನ ಹೆಬ್ಬೆರಳು ಕೊಂಬೆಯನ್ನು ಹಿಡಿಯುವಂತಿತ್ತು. ಸಹೆಲಾಂತ್ರೊಪಸ್ ಎರಡು ಕಾಲಿನಲ್ಲಿ ನಡೆಯುತ್ತಿತ್ತೇ ಎಂಬ ಬಗ್ಗೆ ಒಮ್ಮತವಿಲ್ಲ.

ಆಸ್ಟ್ರಲೊಪಿಥೆಕಸ್ ಮತ್ತು ಪ್ಯಾರಾಂತ್ರೊಪಸ್: ಸುಮಾರು 42 ಲಕ್ಷ ವರ್ಷಗಳ ಹಿಂದಿನಿಂದ ಕಂಡುಬರುವ ಆಸ್ಟ್ರಲೊಪಿಥೆಕಸ್‌ಗಳು ಚಿಕ್ಕ ಮಿದುಳಿನ, ಎರಡು ಕಾಲಿನಲ್ಲಿ ನಡೆಯುತ್ತಿದ್ದ ಪ್ರಾಣಿಗಳು. ದೊಡ್ಡ ದವಡೆಯ ಪ್ಯಾರಾಂತ್ರೊಪಸ್‌ಗಳು ಸುಮಾರು 27 ಲಕ್ಷ ವರ್ಷಗಳ ಹಿಂದೆ ಕಾಣಿಸಿಕೊಂಡು, ಹೋಮೊ ಕುಲದ ಜೊತೆಜೊತೆಗೆ ದೀರ್ಘಕಾಲ ಬಾಳಿ, ಸಂತತಿಯನ್ನು ಉಳಿಸದೆ ಅಳಿದವು.

ಹೋಮೊ ಕುಲ: ಇದರ ಅತ್ಯಂತ ಹಳೆಯ ಅವಶೇಷವೆಂದು ಪರಿಗಣಿಸಲಾಗಿರುವುದು ಇಥಿಯೋಪಿಯದ ಲೆಡಿ ಗೆರಾರುವಿನ, ಸುಮಾರು 28 ಲಕ್ಷ ವರ್ಷ ಹಳೆಯ ಅರ್ಧ ದವಡೆ. ಆದರೆ ಕೀನ್ಯಾದ ಲೊಮೆಕ್ವಿಯಲ್ಲಿ ದೊರೆತ ಕಲ್ಲಿನ ಉಪಕರಣಗಳು 33 ಲಕ್ಷ ವರ್ಷ ಹಳೆಯವು ಎಂದು ವರದಿಯಾಗಿರುವುದರಿಂದ, ಉಪಕರಣ ತಯಾರಿಕೆ ಹೋಮೊ ಕುಲಕ್ಕಿಂತ ಮೊದಲೇ ಆರಂಭವಾಗಿರಬಹುದು. ಜಾರ್ಜಿಯ ದೇಶದ ದ್ಮಾನಿಸಿಯಲ್ಲಿ ದೊರೆತ ಸುಮಾರು 18 ಲಕ್ಷ ವರ್ಷ ಹಳೆಯ ತಲೆಬುರುಡೆಗಳು ಆಫ್ರಿಕಾದ ಹೊರಗಿನ ಅತ್ಯಂತ ಹಳೆಯ ಹೋಮಿನಿನ್ ಪಳೆಯುಳಿಕೆಗಳ ಸಾಲಿನಲ್ಲಿವೆ. ಇವುಗಳಲ್ಲೊಂದರ ಮಿದುಳು ಕೇವಲ 546 ಘನ ಸೆಂಟಿಮೀಟರ್ ಇದ್ದುದರಿಂದ, ದೊಡ್ಡ ಮಿದುಳು ಬಂದ ಮೇಲೆಯೇ ವಲಸೆ ಆರಂಭವಾಯಿತೆಂಬ ವಾದ ಬಿದ್ದುಹೋಯಿತು.

ಆಧುನಿಕ ಮಾನವ: ಮೊರಾಕ್ಕೊದ ಜೆಬೆಲ್ ಇರ್ಹೂದ್‌ನ ಸುಮಾರು 3 ಲಕ್ಷ ವರ್ಷ ಹಳೆಯ ಅವಶೇಷಗಳಲ್ಲಿ ಮುಖ ಆಧುನಿಕವಾಗಿದ್ದು ಕಪಾಲ ಇನ್ನೂ ಉದ್ದವಾಗಿದೆ. ಇಥಿಯೋಪಿಯದ ಓಮೊ ಕಿಬಿಶ್ ಅವಶೇಷಗಳಿಗೆ 2022ರಲ್ಲಿ ಕನಿಷ್ಠ 2.3 ಲಕ್ಷ ವರ್ಷವೆಂದು ಹೊಸ ಕಾಲಮಾನ ದೊರೆಯಿತು.

ಇದೇ ಅವಧಿಯಲ್ಲಿ ಬೇರೆ ಪ್ರಭೇದಗಳೂ ಇದ್ದವು. 2013ರಲ್ಲಿ ದಕ್ಷಿಣ ಆಫ್ರಿಕಾದ ರೈಸಿಂಗ್ ಸ್ಟಾರ್ ಗುಹೆಯಲ್ಲಿ ಪತ್ತೆಯಾದ ಹೋಮೊ ನಲೆಡಿಯ ಚಿಕ್ಕ ಮಿದುಳನ್ನು ನೋಡಿ ಅದು ಬಹಳ ಪ್ರಾಚೀನವೆಂದು ಹಲವರು ಊಹಿಸಿದ್ದರು. 2017ರ ಕಾಲನಿರ್ಣಯದಲ್ಲಿ ಅದು ಸುಮಾರು 3,35,000ರಿಂದ 2,36,000 ವರ್ಷಗಳ ಹಿಂದಿನದೆಂದು ತಿಳಿಯಿತು. ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಸುಮಾರು ಒಂದು ಮೀಟರ್ ಎತ್ತರದ ಹೋಮೊ ಫ್ಲೋರೆಸಿಯೆನ್ಸಿಸ್ ಇತ್ತು.

ಭಾರತ ಉಪಖಂಡದ ಸಾಕ್ಷ್ಯ

ಮಾನವ ಮೂಲದ ಚರ್ಚೆಯಲ್ಲಿ ಭಾರತಕ್ಕೆ ಒಮ್ಮೆ ಬಹು ಪ್ರಮುಖ ಸ್ಥಾನವಿತ್ತು. 1932ರಲ್ಲಿ ಹಿಮಾಚಲ ಪ್ರದೇಶದ ಹರಿತಲ್ಯಂಗಾರ್ ಬಳಿಯ ಶಿವಾಲಿಕ್ ಪದರಗಳಲ್ಲಿ ಜಿ. ಎಡ್ವರ್ಡ್ ಲೂಯಿಸ್‌ಗೆ ಒಂದು ಮೇಲ್ದವಡೆಯ ತುಂಡು ದೊರೆಯಿತು. ರಾಮನ ಹೆಸರಿನಿಂದ ಅದನ್ನು ರಾಮಾಪಿಥೆಕಸ್ ಎಂದು ಕರೆಯಲಾಯಿತು. ಗಿಡ್ಡ ಮುಖ ಮತ್ತು ದಪ್ಪ ಎನಾಮಲ್‌ಗಳನ್ನು ಆಧರಿಸಿ 1960ರ ದಶಕದಲ್ಲಿ ಎಲ್ವಿನ್ ಸೈಮನ್ಸ್ ಮತ್ತು ಡೇವಿಡ್ ಪಿಲ್ಬೀಮ್ ಇದನ್ನು ಅತ್ಯಂತ ಹಳೆಯ ಮಾನವ ಪೂರ್ವಜನೆಂದು ಪ್ರತಿಪಾದಿಸಿದರು. 1967ರಲ್ಲಿ ವಿನ್ಸೆಂಟ್ ಸಾರಿಚ್ ಮತ್ತು ಆ್ಯಲನ್ ವಿಲ್ಸನ್ ರಕ್ತದ ಪ್ರೋಟೀನುಗಳ ಹೋಲಿಕೆಯಿಂದ ಮಾನವ ಮತ್ತು ಆಫ್ರಿಕಾದ ವಾನರರು ಬೇರ್ಪಟ್ಟು ಸುಮಾರು 50 ಲಕ್ಷ ವರ್ಷಗಳು ಮಾತ್ರ ಆಗಿವೆಯೆಂದು ಲೆಕ್ಕಹಾಕಿದರು. ರಾಮಾಪಿಥೆಕಸ್ ಅದಕ್ಕಿಂತ ಬಹಳ ಹಿಂದಿನದು. 1982ರಲ್ಲಿ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಿಂದ ದೊರೆತ ಶಿವಾಪಿಥೆಕಸ್‌ನ ಮುಖದ ಭಾಗವನ್ನು ಪಿಲ್ಬೀಮ್ ವಿವರಿಸಿದಾಗ ಅದು ಒರಾಂಗುಟಾನನ್ನು ಹೋಲುವುದು ಸ್ಪಷ್ಟವಾಯಿತು. ರಾಮಾಪಿಥೆಕಸ್ ಪ್ರತ್ಯೇಕ ಕುಲವಲ್ಲ, ಶಿವಾಪಿಥೆಕಸ್‌ನದೇ ಭಾಗವೆಂದು ಈಗ ಒಪ್ಪಲಾಗಿದೆ. ಪಠ್ಯಪುಸ್ತಕಗಳಲ್ಲಿ ಮಾನವನ ಪೂರ್ವಜರ ಸಾಲಿನಲ್ಲಿ ಕಂಡುಬರುವ ಈ ಹೆಸರನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಭಾರತದ ಅತ್ಯಂತ ಪ್ರಸಿದ್ಧ ಹೋಮಿನಿನ್ ಪಳೆಯುಳಿಕೆಯೆಂದರೆ ಮಧ್ಯಪ್ರದೇಶದ ನರ್ಮದಾ ದಂಡೆಯ ಹತ್ನೋರಾದಲ್ಲಿ 1982ರ ಡಿಸೆಂಬರ್‌ನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅರುಣ್ ಸೋನಾಕಿಯಾ ಕಂಡುಹಿಡಿದ ಕಪಾಲ. ಅದರ ಒಳಗಾತ್ರದ ಅಂದಾಜು 1,155ರಿಂದ 1,421 ಘನ ಸೆಂಟಿಮೀಟರುಗಳವರೆಗೆ ಬದಲಾಗುತ್ತದೆ. ಸೋನಾಕಿಯಾ ಇದನ್ನು ಹೋಮೊ ಎರೆಕ್ಟಸ್‌ನ ಉಪಪ್ರಭೇದವೆಂದು ವರ್ಗೀಕರಿಸಿದರು. ಇದು ಹೋಮೊ ಸೇಪಿಯನ್ಸ್‌ನ ಪ್ರಾಚೀನ ರೂಪ ಅಥವಾ ಹೋಮೊ ಹೈಡೆಲ್‌ಬರ್ಗೆನ್ಸಿಸ್‌ಗೆ ಹತ್ತಿರವಾದುದು ಎಂಬುದು ಇತರರ ಅಭಿಪ್ರಾಯ.

ಉಪಖಂಡದಲ್ಲಿ ಹೋಮಿನಿನ್ ಮೂಳೆಗಳು ವಿರಳವಾದರೂ ಅವರ ಕಲ್ಲಿನ ಉಪಕರಣಗಳು ಹೇರಳ. ಕರ್ನಾಟಕದ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಶ್ಯೂಲಿಯನ್ ಶೈಲಿಯ ಕೈಗೊಡಲಿ ಮುಂತಾದವುಗಳ ತಯಾರಿಕೆಯ ನೆಲೆಯನ್ನು ಉತ್ಖನನ ಮಾಡಿದರು. ಸುಣ್ಣಕಲ್ಲಿನ ಹಾಸನ್ನು ಎಬ್ಬಿಸಿ ಅಲ್ಲಿಯೇ ಉಪಕರಣಗಳನ್ನು ರೂಪಿಸಿದ ಕುರುಹುಗಳು ಇಲ್ಲಿವೆ. ಇಲ್ಲಿನ ಪ್ರಾಣಿಯ ಹಲ್ಲುಗಳನ್ನು ಎಲೆಕ್ಟ್ರಾನ್ ಸ್ಪಿನ್ ಅನುರಣನದಿಂದ ಪರೀಕ್ಷಿಸಿದಾಗ ಸುಮಾರು 12 ಲಕ್ಷ ವರ್ಷಗಳ ಕಾಲಮಾನ ಬಂದಿದೆ. ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ತಂಡವು ಇದೇ ಬಗೆಯ ಉಪಕರಣಗಳಿಗೆ ಸುಮಾರು 15 ಲಕ್ಷ ವರ್ಷ ಎಂದು ನಿರ್ಣಯಿಸಿದೆ. ಇವುಗಳನ್ನು ರೂಪಿಸಿದವರ ಮೂಳೆಗಳು ಈ ಎರಡೂ ನೆಲೆಗಳಲ್ಲಿ ದೊರೆತಿಲ್ಲ.

ಪ್ರಾಚೀನ ಡಿಎನ್‌ಎ

2010ರಲ್ಲಿ ಸ್ವಾಂಟೆ ಪಾಬೊ ತಂಡವು ನಿಯಾಂಡರ್ತಾಲರ ಜೀನೋಮಿನ ಕರಡನ್ನು ಪ್ರಕಟಿಸಿತು. ಆಫ್ರಿಕಾದ ಹೊರಗಿನ ಇಂದಿನ ಜನರ ಡಿಎನ್‌ಎಯಲ್ಲಿ ಶೇಕಡಾ ಒಂದೆರಡರಷ್ಟು ನಿಯಾಂಡರ್ತಾಲ್ ಮೂಲದ್ದೆಂದು ಈ ಅಧ್ಯಯನಗಳಿಂದ ತಿಳಿದಿದೆ. ಅದೇ ವರ್ಷ ಸೈಬೀರಿಯದ ಡೆನಿಸೊವಾ ಗುಹೆಯ ಒಂದು ಬೆರಳಿನ ಮೂಳೆಯಿಂದ ಅದುವರೆಗೆ ಅಪರಿಚಿತವಾಗಿದ್ದ ಒಂದು ಜನಸಮೂಹ ಬೆಳಕಿಗೆ ಬಂದಿತು. ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಡಿಎನ್‌ಎ ಬಿಸಿ ವಾತಾವರಣದಲ್ಲಿ ಬೇಗನೆ ನಾಶವಾಗುವುದರಿಂದ ಲಕ್ಷಾಂತರ ವರ್ಷ ಹಳೆಯ ಆಫ್ರಿಕಾದ ಅವಶೇಷಗಳಿಗೆ ಈ ವಿಧಾನ ಒದಗುವುದಿಲ್ಲ. ಅಲ್ಲಿ ಮೂಳೆ ಮತ್ತು ಹಲ್ಲುಗಳೇ ಮುಖ್ಯ ಆಧಾರ.

ಮಿತಿಗಳು ಮತ್ತು ವಿವಾದಗಳು

ಹೆಸರಿಸಲಾದ ಪ್ರಭೇದಗಳ ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. ಗಂಡು ಹೆಣ್ಣು, ಮಗು ವಯಸ್ಕ, ಒಂದೇ ಗುಂಪಿನೊಳಗಿನ ಸಹಜ ವ್ಯತ್ಯಾಸ ಇವುಗಳನ್ನು ಪ್ರಭೇದಗಳ ನಡುವಣ ವ್ಯತ್ಯಾಸದಿಂದ ಬೇರ್ಪಡಿಸುವುದು ಕೆಲವೇ ಚೂರುಗಳಿರುವಾಗ ಕಷ್ಟ. ದ್ಮಾನಿಸಿಯ ಒಂದೇ ನೆಲೆಯ ಐದು ತಲೆಬುರುಡೆಗಳು ಪರಸ್ಪರ ಬಹಳ ಭಿನ್ನವಾಗಿರುವುದರಿಂದ, ಆಫ್ರಿಕಾದ ಆದಿ ಹೋಮೊಗಳನ್ನು ಹಲವು ಪ್ರಭೇದಗಳಾಗಿ ವಿಂಗಡಿಸಿದ್ದು ಸರಿಯೇ ಎಂಬ ಪ್ರಶ್ನೆ ಎದ್ದಿದೆ. ಅಂತೆಯೇ, ಒಂದು ಪ್ರಭೇದದ ಅತ್ಯಂತ ಹಳೆಯ ಪಳೆಯುಳಿಕೆಯು ಆ ಪ್ರಭೇದದ ಹುಟ್ಟಿನ ಕಾಲವನ್ನು ಸೂಚಿಸುವುದಿಲ್ಲ. ಅದು ಕನಿಷ್ಠ ಅಂದಿನಿಂದ ಇತ್ತು ಎಂಬುದನ್ನಷ್ಟೇ ತಿಳಿಸುತ್ತದೆ.

ಬಾಗಿದ ವಾನರನಿಂದ ನೆಟ್ಟಗೆ ನಿಂತ ಮಾನವನವರೆಗೆ ಒಂದೇ ಸಾಲಿನಲ್ಲಿ ಆಕೃತಿಗಳನ್ನು ನಿಲ್ಲಿಸುವ ಜನಪ್ರಿಯ ಚಿತ್ರವು ಈ ದಾಖಲೆಗೆ ಹೊಂದುವುದಿಲ್ಲ. ಪಳೆಯುಳಿಕೆಗಳು ತೋರಿಸುವುದು ಹಲವು ಕವಲುಗಳ ಪೊದೆಯನ್ನು. ಅವುಗಳಲ್ಲಿ ಹೆಚ್ಚಿನವು ಸಂತತಿಯಿಲ್ಲದೆ ಮುಗಿದವು, ಕೆಲವು ಮತ್ತೆ ಬೆರೆತವು. ಸುಮಾರು 40,000 ವರ್ಷಗಳ ಹಿಂದೆ ನಿಯಾಂಡರ್ತಾಲರು ಅಳಿದರು. ಇಂದು ಹೋಮಿನಿನ್‌ಗಳಲ್ಲಿ ಹೋಮೊ ಸೇಪಿಯನ್ಸ್ ಮಾತ್ರ ಉಳಿದಿದೆ.